ಅಪ್ಪನ ಒಂದು ಗಂಟೆ

"ಐದು ಗಂಟೆವರೆಗೂ ದಾರಿ ಬಿಟ್ಟಿರುತ್ತೆ. ಯಾರೂ ತಲೆ ಕೆಡಿಸ್ಕೋಬೇಡಿ," ಎಂದ ಕೋಲ್ಮನ್ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ನೀರಿಳಿದಾಗ ದ್ವೀಪಕ್ಕೆ ತೆರೆದುಕೊಳ್ಳುವ ಒದ್ದೆ ಮರಳಿನ ದಾರಿಯಲ್ಲಿ ಎಲ್ಲರಿಗಿಂತ ಮುಂದೆ ಹೊರಟೇಬಿಟ್ಟ. ಎಂಬತ್ಮೂರರ ಮುದುಕ; ನಡಿಗೆ ನೋಡಿದರೆ ಅರವತ್ತು ಎನ್ನಬೇಕು. ಹಿಂದೆ ಹೂವಿನ ಕುಂಡ ಹೊತ್ತ ಅಳಿಯ ಫಿಂಟನ್, ಮೊಮ್ಮಗಳು ಓರ್ಲಾ, ಕೊನೆಯಲ್ಲಿ ಮಗಳು ಡಿಂಪ್ನಾ.

ಡಿಂಪ್ನಾಗೆ ಮಾತ್ರ ಕಾಲೇ ಏಳುತ್ತಿರಲಿಲ್ಲ. ಬ್ರೆಡ್ಡು ತರಲು ಹೋದಾಗ ಅಂಗಡಿಯ ಗೋಡೆಯ ಮೇಲಿದ್ದ ಉಬ್ಬರ-ಇಳಿತದ ಪಟ್ಟಿಯನ್ನು ಓದಿ ಬಂದಿದ್ದಳು. ಹಿಂದೆಲ್ಲ ಅದನ್ನು ಚಳಿಗಾಲದ ಗಡಿಯಾರಕ್ಕೆ ಅಚ್ಚು ಹಾಕುತ್ತಿದ್ದರು. ಬೇಸಿಗೆಯಲ್ಲಿ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಿಡುವುದರಿಂದ, ಪಟ್ಟಿಯ ಹೊತ್ತಿಗೂ ಒಂದು ಗಂಟೆ ಕೂಡಿಸಿಕೊಳ್ಳಬೇಕೆಂದು ಅವರ ಊರು ಬಾಲಿನಾಟ್ರಾದ ಮಕ್ಕಳಿಗೂ ಗೊತ್ತು. ಈ ವರ್ಷ ಅಚ್ಚಿನವರೇ ಕೂಡಿಸಿಬಿಟ್ಟಿದ್ದರು. ಕೆಳಗೆ ಸಣ್ಣಕ್ಷರದಲ್ಲಿದ್ದ ಆ ಮಾತು ಅಪ್ಪನ ಕಣ್ಣಿಗೆ ಬಿದ್ದಿರಲಿಲ್ಲ. ಅಭ್ಯಾಸಬಲದಿಂದ ಇನ್ನೊಂದು ಗಂಟೆ ಸೇರಿಸಿದ್ದ. ದ್ವೀಪದ ದಾರಿ ಮುಳುಗುವುದು ಐದಕ್ಕಲ್ಲ, ನಾಲ್ಕಕ್ಕೆ.

ಹೇಳಿಬಿಡಬಹುದಿತ್ತು. ಆದರೆ ಮಾರ್ಚಿನಲ್ಲಿ ಅವನ ಕಾರಿನ ಕೀ ಕಿತ್ತುಕೊಂಡಿದ್ದಾಯಿತು, ಜೂನಿನಲ್ಲಿ ಮಾತ್ರೆಗಳ ಡಬ್ಬಿಯೂ ಅವಳ ಕೈಗೆ ಬಂತು. ಆ ದ್ವೀಪದಲ್ಲೇ ಹುಟ್ಟಿ, ಅಲ್ಲೇ ಹೆಂಡತಿಯನ್ನು ಮಣ್ಣು ಮಾಡಿ ಬಂದವನಿಗೆ ಉಳಿದಿದ್ದ ಯಜಮಾನಿಕೆ ಎಂದರೆ ಈ ದಾರಿಯ ಹೊತ್ತು ಹೇಳುವುದೊಂದೇ. ಅದನ್ನೂ ಕಸಿಯಲು ಅವಳ ಕರುಳು ಒಪ್ಪಲಿಲ್ಲ. ಇರಲಿ, ನಾಲ್ಕರೊಳಗೆ ಇವರನ್ನೆಲ್ಲ ದಡ ಸೇರಿಸದಿದ್ದರೆ ನಾನು ಡಿಂಪ್ನಾನೇ ಅಲ್ಲ, ಎಂದುಕೊಂಡು ದಾಪುಗಾಲು ಹಾಕಿದಳು.

ಮೂರೂಕಾಲಿನ ಹೊತ್ತಿಗೆ ದ್ವೀಪದಲ್ಲಿ ಅಮ್ಮನ ಸಮಾಧಿಯ ಹುಲ್ಲು ಕಿತ್ತು, ಪ್ರಾರ್ಥನೆ ಮುಗಿಸಿ, ಫ್ಲಾಸ್ಕಿನ ಚಹಾ ಕುಡಿದದ್ದಾಗಿತ್ತು.

"ಓರ್ಲಾ, ಬಾ ಪುಟ್ಟೀ, ನಾನು ಹುಟ್ಟಿದ ಮನೆ ತೋರಿಸ್ತೀನಿ. ಬೇಕಾದಷ್ಟು ಹೊತ್ತಿದೆ," ಎಂದ ಕೋಲ್ಮನ್.

"ಅಯ್ಯೋ ಅಪ್ಪಾ, ನನ್ನ ಕಾಲು ಉಳುಕ್ತು," ಎಂದಳು ಡಿಂಪ್ನಾ.

"ಎಲ್ಲೇ? ಈಗ ತಾನೇ ಕುರಿ ಥರ ಗೋಡೆ ಹಾರಿದ್ಯಲ್ಲ!"

"ಹಾರಿದ್ದಕ್ಕೇ ಉಳುಕಿದ್ದು. ಕುಂಟ್ಕೊಂಡು ಹೋಗ್ಬೇಕು, ಈಗ್ಲೇ ಹೊರಡೋಣ."

"ನಿಮ್ಮಮ್ಮಂಗೆ ಹಟ ಜಾಸ್ತಿ ಕಣೇ ಓರ್ಲಾ. ಯಾರನ್ನ ಹೋಲ್ತಾಳೋ!" ಎಂದು ಗೊಣಗುತ್ತಲೇ ಮುದುಕ ಹೊರಟ.

ಅರ್ಧ ದಾರಿಯಲ್ಲಿ ಅವಳು ಕುಂಟುವ ಕಾಲು ಬದಲಾಯಿತು. ಫಿಂಟನ್ ಸುಮ್ಮನೆ ಕೆಮ್ಮಿದ.

ದಡ ತಲುಪಿ, ದೋಣಿ ನಿಲ್ಲುವ ದಕ್ಕೆಯ ಕೆಳಗಿನ ಬಂಡೆಯ ಮೇಲೆ ಎಲ್ಲರೂ ಕೂತರು. ಸ್ವಲ್ಪ ಹೊತ್ತಿಗೆ ಎರಡೂ ಕಡೆಯಿಂದ ನೀರು ನುಗ್ಗಿ ಬಂತು. ಅವರು ನಡೆದು ಬಂದ ದಾರಿ ನೋಡನೋಡುತ್ತಲೇ ಮುಚ್ಚಿಹೋಯಿತು. ಓರ್ಲಾ ಫೋನಿನಲ್ಲಿ ಗಂಟೆ ನೋಡಿ ಬಾಯಿ ತೆರೆದಳು. ಡಿಂಪ್ನಾ ಅವಳ ತೊಡೆ ಚಿವುಟಿದಳು.

ಕೋಲ್ಮನ್ ಮುಳುಗಿದ ದಾರಿಯ ಕಡೆ ಕಣ್ಣು ಹಾಯಿಸಿದ. ಮೊಣಕೈವರೆಗೆ ಮಡಚಿದ್ದ ಸ್ವೆಟರಿನ ತೋಳಿನ ಕೆಳಗೆ, ಮಣಿಕಟ್ಟಿನಲ್ಲಿ ಅವನದೇ ಗಡಿಯಾರವಿತ್ತು. ಅದನ್ನೊಮ್ಮೆ ನೋಡಿದ; ನಾಲ್ಕೂಕಾಲು. ಆಮೇಲೆ ಮಗಳ ಕಡೆ ತಿರುಗಿ, "ಗಂಟೆ ಎಷ್ಟು ಡಿಂಪ್ನಾ?" ಎಂದು ಕೇಳಿದ.

"ಐದೂಕಾಲು," ಎಂದಳು, ರೆಪ್ಪೆ ಬಡಿಯದೆ.

ಅವನು ಸ್ವೆಟರಿನ ತೋಳನ್ನು ಮೆಲ್ಲಗೆ ಗಡಿಯಾರದ ಮೇಲಕ್ಕೆ ಎಳೆದುಕೊಂಡ.

"ನಾನು ಹೇಳಿರ್ಲಿಲ್ವಾ," ಎಂದ. ಯಾವತ್ತೂ ಯಾರ ಆಸರೆಯನ್ನೂ ಕೇಳದವನು ಕೈ ಚಾಚಿ ಅವಳ ತೋಳು ಹಿಡಿದ. ಪಾಚಿ ಕಟ್ಟಿದ ಮೆಟ್ಟಿಲುಗಳನ್ನು ಇಬ್ಬರೂ ಒಂದೊಂದಾಗಿ ಹತ್ತತೊಡಗಿದರು.