ರಾಹುಕಾಲ ಮತ್ತು ಬಸ್ ಲೇನ್

ಇಂಗ್ಲೆಂಡಿನ ಲೆಮಿಂಗ್ಟನ್ ಸ್ಪಾದ ಕನ್ನಡ ಕೂಟದಲ್ಲಿ ವೈಜ್ಞಾನಿಕ ಮನೋಭಾವದ ಬಗ್ಗೆ ಭಾಷಣ ಬಿಗಿದಿದ್ದ ಇಂಜಿನಿಯರ್ ಹಯವದನ, ಲೀಸಿಗೆ ತಂದ ಹೊಸ ಕಾರಿನ ಪೂಜೆಗೆ ರಾಹುಕಾಲ ಶುರುವಾಗುವ ಮುನ್ನ ಟಿವಿಡೇಲ್ ಬಾಲಾಜಿ ಗುಡಿ ಮುಟ್ಟಬೇಕೆಂದು ಬಸ್ಸುಗಳಿಗಷ್ಟೇ ಮೀಸಲಾದ ಬಸ್ ಲೇನಿಗೆ ನುಗ್ಗಿದ. ನಂಬಿಕೆ ಹೆಂಡತಿ ಶೋಭಾಳದು, ತಾನು ಬರೀ ಡ್ರೈವರ್ ಎಂದು ಸಮಾಧಾನ ಮಾಡಿಕೊಂಡ. ರಸ್ತೆ ಬದಿಯ ಕ್ಯಾಮೆರಾಕ್ಕೆ ಬೇಕಾಗಿದ್ದುದೂ ಡ್ರೈವರೇ.

ಕೌನ್ಸಿಲ್, ಅಂದರೆ ಅಲ್ಲಿನ ನಗರಸಭೆ, ಕಳಿಸಿದ ನೋಟಿಸಿನಲ್ಲಿ ಅರವತ್ತು ಪೌಂಡ್ ದಂಡ. ಹದಿನಾಲ್ಕು ದಿನದೊಳಗೆ ಕಟ್ಟಿದರೆ ಅರ್ಧ. ಸಾಲದ್ದಕ್ಕೆ, ಕಾರಿನ ಮಾಲೀಕನೆಂದು ತನಗೆ ಬಂದ ಆ ನೋಟಿಸನ್ನು ಇವನ ವಿಳಾಸಕ್ಕೆ ಕಳಿಸಿದ ಶ್ರಮಕ್ಕೆ ಲೀಸ್ ಕಂಪನಿಯ ಇಪ್ಪತ್ತೈದು ಪೌಂಡ್ ಶುಲ್ಕ ಬೇರೆ.

"ಒಂದು ಕವರಿಗೆ ಇಷ್ಟಾ? ಹಗಲು ದರೋಡೆ!" ಎಂದು ಹಯವದನ ಎರಡು ವಾರ ಕೂಗಾಡಿದ, ದಂಡ ಮಾತ್ರ ಕಟ್ಟಲಿಲ್ಲ.

ರಿಯಾಯಿತಿಯ ಕೊನೆಯ ದಿನ, ಭಾನುವಾರ ಸಂಜೆ, ಲ್ಯಾಪ್‌ಟಾಪ್ ತೆರೆದ.

"ರೀ, ಆರು ಗಂಟೆ ತನಕ ರಾಹುಕಾಲ. ಆಮೇಲೆ ಪೇ ಮಾಡಿ," ಎಂದಳು ಶೋಭಾ ಅಡುಗೆಮನೆಯಿಂದಲೇ.

"ಇಲ್ಲಿಯ ಕೌನ್ಸಿಲ್‌ಗೆ ಯಾವ ರಾಹುನೇ?" ಎಂದು ನಕ್ಕು, ಲ್ಯಾಪ್‌ಟಾಪ್ ಮುಚ್ಚಿದ. ಆರಕ್ಕೆ ನೆಂಟರು ಬಂದರು, ಬಿಸಿಬೇಳೆಬಾತ್ ಬಂತು, ಆಮೇಲೆ ನಿದ್ದೆ ಬಂತು.

ಸೋಮವಾರ ಬೆಳಿಗ್ಗೆ ನೋಡಿದರೆ ರಿಯಾಯಿತಿ ಹೋಗಿ ಪೂರ್ತಿ ಅರವತ್ತು ಕೂತಿತ್ತು. ತನ್ನ ಬುದ್ಧಿಗೆ ತಾನೇ ಉಗಿದುಕೊಂಡು ಕಾರ್ಡ್ ನಂಬರ್ ತುಂಬಿದ. ಬಟನ್ ಒತ್ತುವಷ್ಟರಲ್ಲಿ ಕಣ್ಣು ಗಡಿಯಾರದತ್ತ ಹೋಯಿತು. ಎಂಟು ಗಂಟೆ. ಸೋಮವಾರ ಏಳೂವರೆಯಿಂದ ಒಂಬತ್ತರವರೆಗೆ ರಾಹುಕಾಲ ಎಂಬುದು ಭಾಷಣಕಾರನಿಗೆ ಬಾಯಿಪಾಠ.

ಶೋಭಾ ಕೆಲಸಕ್ಕೆ ಹೋಗಿಯಾಗಿತ್ತು. ಮನೆಯಲ್ಲಿ ನೋಡುವವರು ಯಾರೂ ಇರಲಿಲ್ಲ. ಹಯವದನ ಮೆಲ್ಲಗೆ ಲ್ಯಾಪ್‌ಟಾಪ್ ಮುಚ್ಚಿದ.