ಭರಣಿಗೆ ಸುರಿದ ಹತ್ತು ಕಿಲೋ ಸಕ್ಕರೆ

ಪಥ್ಯ ಮಾಡಿದರೂ ಸಕ್ಕರೆ ಕಾಯಿಲೆ ಇಳಿಯದ ಮನೆ ನಿಮ್ಮ ಬೀದಿಯಲ್ಲೂ ಒಂದು ಇರಬಹುದು. ಸಿಹಿ ಬಿಟ್ಟಾಯಿತು, ಅನ್ನ ಅರ್ಧ ಮಾಡಿಯಾಯಿತು, ಮಾತ್ರೆ ಹೊತ್ತುಹೊತ್ತಿಗೆ ನುಂಗಿಯಾಯಿತು. ಆದರೂ ಇಳಿಯುವುದಿಲ್ಲ. ಆಗ ಮನೆಯವರು ಏನು ಮಾಡುತ್ತಾರೆ? ಕಾಯಿಲೆಯವರನ್ನೇ ಅನುಮಾನಿಸುತ್ತಾರೆ. ಸೊಮ್‌ಜಿನ್ ನದಿಯ ದಂಡೆಯಲ್ಲಿ, ಬಸ್ಸು ತಿರುಗುವ ಜಾಗದಲ್ಲಿ, ಐದು ಮೇಜಿನ ಊಟದಂಗಡಿ ನಡೆಸುತ್ತಿದ್ದ ಒಕ್‌ಬುನ್ ಕೂಡ ಅದನ್ನೇ ಮಾಡಿದಳು.

"ಬಾಯಿ ತೆಗೀರಿ ನೋಡೋಣ," ಎನ್ನುವಳು ಗಂಡನಿಗೆ. "ಎಲ್ಲಿ ಕದ್ದು ತಿಂದ್ರಿ?"

"ಏನೂ ತಿಂದಿಲ್ಲ ಕಣೇ."

"ತಿನ್ನದೇ ಇನ್ನೂರೈವತ್ತು ಹೆಂಗೆ ಬಂತು? ಗಾಳಿ ಕುಡಿದು ಬಂತಾ?"

ಗಂಡ ಗಿಲ್‌ಸು ಮೂವತ್ತು ವರ್ಷ ಅದೇ ದಾರಿಯ ಬಸ್ಸು ಓಡಿಸಿದವನು. ಈಗ ಅಂಗಡಿ ಮುಂದಿನ ಮರದ ಜಗಲಿಯಲ್ಲಿ ಕೂತು ಬಸ್ಸು ಬರುವುದನ್ನೂ ಹೋಗುವುದನ್ನೂ ನೋಡುತ್ತಿದ್ದ. ಎಡಗಾಲಿನ ಎರಡು ಬೆರಳನ್ನು ಹೋದ ವರ್ಷವೇ ತೆಗೆದಿದ್ದರು. ಈ ಸಲ ಹಿಮ್ಮಡಿಯಲ್ಲಿ ಹುಣ್ಣಾಗಿತ್ತು. ಏಪ್ರಿಲ್‌ನಲ್ಲಿ ಪಟ್ಟಣದ ಆಸ್ಪತ್ರೆಯ ಡಾಕ್ಟರು ಕಡ್ಡಿ ಮುರಿದ ಹಾಗೆ ಹೇಳಿದ್ದರು, "ಜೂನ್ ಮುಗಿಯೋದ್ರೊಳಗೆ ಸಕ್ಕರೆ ಹತೋಟಿಗೆ ಬಂದು ಹುಣ್ಣು ಮಾಯಬೇಕು. ಇಲ್ಲಾಂದ್ರೆ ಮಂಡಿ ಕೆಳಗೆ ತೆಗೀಬೇಕಾಗುತ್ತೆ."

ಅವತ್ತಿನಿಂದ ಒಕ್‌ಬುನ್ ಪೊಲೀಸಾದಳು. ಗಂಡನ ಕೋಟಿನ ಜೇಬು ಮಗುಚುವಳು, ಹಾಸಿಗೆ ಕೊಡವುವಳು. ಒಮ್ಮೆ ಯಾವ ಕಾಲದ್ದೋ ಪೆಪ್ಪರ್‌ಮೆಂಟಿನ ಕಾಗದ ಸಿಕ್ಕಿತೆಂದು ಮೂರು ದಿನ ಅವನ ಜೊತೆ ಮಾತು ಬಿಟ್ಟಳು. ಊಟಕ್ಕಂತೂ ಎರಡು ವರ್ಷದಿಂದಲೇ ಅರ್ಧ ಬಟ್ಟಲು ಬಾರ್ಲಿ ಅನ್ನ, ಅಷ್ಟೆ.

"ಇವಳೇ, ಇನ್ನೊಂದೆರಡು ತುತ್ತು ಹಾಕೇ."

"ಕಾಲು ಬೇಕಾ, ಅನ್ನ ಬೇಕಾ? ಯೋಚನೆ ಮಾಡಿ ಹೇಳಿ."

ಗಿಲ್‌ಸು ಚಮಚ ಕೆಳಗಿಡುತ್ತಿದ್ದ. ದೊಡ್ಡ ಆಳು, ಹಸಿವು ದೊಡ್ಡದು. ಅವನ ಮುಖ ನೋಡಲಾರದೆ ಅವಳು ಏಳುತ್ತಿದ್ದಳು. ಒಳಗೆ ಹೋಗಿ ಬಿಸಿನೀರಿಗೆ ಮೂರು ದೊಡ್ಡ ಚಮಚ ಮೆಸಿಲ್ ರಸ ಹಾಕಿ ಕಲಸಿ ತರುವಳು. "ಇದನ್ನಾದ್ರೂ ಕುಡೀರಿ. ಇದು ಒಳ್ಳೇದು."

ಆ ನದಿ ದಂಡೆಯಲ್ಲಿ ಹುಟ್ಟಿದವರಿಗೆ ಮೆಸಿಲ್ ರಸವೆಂದರೆ ಮನೆ ವೈದ್ಯ. ಹೊಟ್ಟೆ ನೋವಿಗೆ ಅದೇ, ಬಾಯಿ ಕೆಟ್ಟರೆ ಅದೇ, ಸುಸ್ತಿಗೂ ಅದೇ. ಗುಡ್ಡದ ತುಂಬ ಅದರ ಮರಗಳು. ಜೂನ್‌ನಲ್ಲಿ ಹಸಿರು ಹುಳಿಕಾಯಿ ಕಿತ್ತು, ಕಾಯಿಯಷ್ಟೇ ತೂಕದ ಸಕ್ಕರೆ ಸುರಿದು ಭರಣಿಯ ಬಾಯಿ ಕಟ್ಟುತ್ತಾರೆ. ನೂರು ದಿನ ಕಳೆದರೆ ಸಕ್ಕರೆಯೆಲ್ಲ ಹುಳಿತು, ಸತ್ತು, ಔಷಧಿಯಾಗುತ್ತದೆ ಎಂದು ಅತ್ತೆ ಹೇಳಿದ್ದಳು, ಪಕ್ಕದ ಮನೆಯವಳು ಹೇಳಿದ್ದಳು. ಹೇಳದವರೇ ಇಲ್ಲ. ಒಕ್‌ಬುನ್ ಅಂಗಡಿಯ ಗೋಡೆಗೆ ದಪ್ಪ ಅಕ್ಷರದ ಫಲಕ ಬೇರೆ ಅಂಟಿಸಿದ್ದಳು: "ನಮ್ಮ ಅಡುಗೆಗೆ ಸಕ್ಕರೆ ಹಾಕುವುದಿಲ್ಲ. ಮೂರು ವರ್ಷ ಹಳೆಯ ಮೆಸಿಲ್ ರಸ ಮಾತ್ರ."

ಏಪ್ರಿಲ್‌ನಲ್ಲಿ ಆಸ್ಪತ್ರೆಯ ಪಥ್ಯದ ಹುಡುಗಿ ಕೇಳಿದ್ದಳು, "ಅಡುಗೆಗೆ ಸಕ್ಕರೆ ಬಳಸ್ತೀರಾ?"

"ಒಂದು ಹರಳೂ ಇಲ್ಲ," ಎಂದಿದ್ದಳು ಒಕ್‌ಬುನ್, ತಲೆ ಎತ್ತಿ. ಹುಡುಗಿ ಹಾಗೆಯೇ ಬರೆದುಕೊಂಡಿದ್ದಳು. ಯಾರೂ ಸುಳ್ಳು ಹೇಳಿರಲಿಲ್ಲ.

ಜೂನ್ ಹನ್ನೆರಡು, ಮಂಗಳವಾರ. ಆರೋಗ್ಯ ಕೇಂದ್ರದ ನರ್ಸ್ ಹಾನ್‌ಸೊಲ್ ಮನೆಮನೆ ಭೇಟಿಯ ದಿನ. ಕಿರಾಣಿ ಅಂಗಡಿಗಳ ಮುಂದೆ ಸಕ್ಕರೆ ಮೂಟೆ ಎದೆಮಟ್ಟ ಪೇರಿಸಿದ್ದರು. ಒಕ್‌ಬುನ್ ಜಗಲಿಯಲ್ಲಿ ಕಾಯಿ ಗುಡ್ಡೆ ಹಾಕಿಕೊಂಡು, ಹಲ್ಲುಕಡ್ಡಿಯಿಂದ ಒಂದೊಂದರ ತೊಟ್ಟು ತೆಗೆಯುತ್ತಿದ್ದಳು. ಮೂಲೆ ಮೇಜಿನಲ್ಲಿ ಬಸ್ಸಿನ ಡ್ರೈವರ್ ಮ್ಯೊಂಗ್‌ಹೊ ಊಟಕ್ಕೆ ಕೂತಿದ್ದ. ಗಿಲ್‌ಸುವಿನ ನಂತರ ಆ ಬಸ್ಸು ಹಿಡಿದವನು ಅವನೇ.

"ಅಕ್ಕಾ, ನೋಡು, ಅನ್ನ ಮುಟ್ಟಿಲ್ಲ," ಎಂದ, ಬಂಗುಡೆ-ಮೂಲಂಗಿಯ ಸಾರು ಹೀರುತ್ತಾ. "ಬರೀ ಪಲ್ಯ ಮೀನಲ್ಲೇ ಊಟ. ಆದ್ರೂ ಈ ಹೊಟ್ಟೆ ನನಗಿಂತ ಮುಂಚೆ ಬಸ್ ಹತ್ತುತ್ತೆ."

"ಕೂತಲ್ಲೇ ಕೂತಿರ್ತೀಯ, ಬರದೇ ಏನು?" ಎಂದಳು ಒಕ್‌ಬುನ್.

ಹಾನ್‌ಸೊಲ್ ಗಿಲ್‌ಸುವಿನ ಬೆರಳು ಚುಚ್ಚಿ ನೋಡಿದಳು. ನೂರ ಎಪ್ಪತ್ತೆರಡು. ಹುಣ್ಣಿನ ಬಟ್ಟೆ ಬಿಚ್ಚಿದಳು. ಅಂಚು ಕಪ್ಪಗಾಗುತ್ತಿತ್ತು. ಅವಳು ತೊಳೆದು ಔಷಧಿ ಹಚ್ಚುವಷ್ಟರಲ್ಲಿ ಒಕ್‌ಬುನ್ ಎರಡು ಲೋಟ ತಂದಳು, ಒಂದು ಗಂಡನಿಗೆ, ಒಂದು ನರ್ಸಿಗೆ. ಹಾನ್‌ಸೊಲ್ ಒಂದು ಗುಟುಕು ಕುಡಿದು ಲೋಟವನ್ನೇ ನೋಡಿದಳು.

"ಅಮ್ಮಾ, ಇದನ್ನ ಅಪ್ಪಾಜಿಗೆ ದಿನಾ ಕೊಡ್ತೀರಾ?"

"ಬೆಳಿಗ್ಗೆ ಒಂದು, ಸಂಜೆ ಒಂದು. ಇವತ್ತು ಕಾಯಿ ಬಿಡಿಸೋ ಗಲಾಟೇಲಿ ಬೆಳಗಿಂದು ಮಧ್ಯಾಹ್ನಕ್ಕೆ ಬಂತು. ಎರಡು ವರ್ಷದಿಂದ ತಪ್ಪಿಸಿಲ್ಲ."

ಗಿಲ್‌ಸು ತನ್ನ ಲೋಟ ಕುಡಿದು ಮುಗಿಸಿದ, ಹಾನ್‌ಸೊಲ್ ತನ್ನದನ್ನು ಕೆಳಗಿಟ್ಟು ಎದ್ದಳು. ಪಕ್ಕದ ಎರಡು ಮನೆ ನೋಡಿಕೊಂಡು ಒಂದು ಗಂಟೆ ಬಿಟ್ಟು ವಾಪಸು ಬಂದಳು. ಇನ್ನೊಂದು ಬೆರಳು ಚುಚ್ಚಿದಳು. ಇನ್ನೂರ ಎಂಬತ್ತಮೂರು.

ಗಿಲ್‌ಸು ಯಂತ್ರ ನೋಡಲಿಲ್ಲ. ಹೆಂಡತಿಯ ಮುಖ ನೋಡಿದ. ಏಟು ಬೀಳುತ್ತದೆಂದು ಹೆದರಿದವನ ಹಾಗೆ. "ನೀನು ಇಲ್ಲೇ ಇದ್ದೆ. ನಾನು ಎದ್ದೂ ಇಲ್ಲ. ನೀನು ಕೊಟ್ಟಿದ್ದು ಬಿಟ್ಟು ಬೇರೇನೂ ಬಾಯಿಗೆ ಹಾಕಿಲ್ಲ."

"ಮೆಷಿನ್ ಕೆಟ್ಟಿದೆ," ಎಂದಳು ಒಕ್‌ಬುನ್.

"ಅಮ್ಮಾ, ಈ ಭರಣಿಗೆ ಎಷ್ಟು ಸಕ್ಕರೆ ಹಾಕ್ತೀರಾ?"

"ಹತ್ತು ಕಿಲೋ ಕಾಯಿಗೆ ಹತ್ತು ಕಿಲೋ. ಕಮ್ಮಿ ಹಾಕಿದ್ರೆ ಬೂಷ್ಟು ಹಿಡಿಯುತ್ತೆ."

"ಆ ಹತ್ತು ಕಿಲೋ ಎಲ್ಲಿ ಹೋಗುತ್ತೆ?"

"ಹೋಗೋದೆಲ್ಲಿಗೆ? ಹುಳಿತು ಔಷಧಿ ಆಗುತ್ತೆ. ಇಷ್ಟು ಓದಿದೀಯ, ಅಷ್ಟು ಗೊತ್ತಿಲ್ವಾ?"

"ಭರಣಿ ಬಾಯಿ ಕಟ್ಟಿರುತ್ತಲ್ಲಮ್ಮಾ. ಕಾಯಿ ರಸ ಬಿಡುತ್ತೆ, ಸಕ್ಕರೆ ಕರಗುತ್ತೆ, ಸ್ವಲ್ಪ ರೂಪ ಬದಲಾಯಿಸುತ್ತೆ. ಮನೆ ಬಿಟ್ಟು ಹೋಗಲ್ಲ. ನೂರು ದಿನ ಆದ್ರೂ ಅಷ್ಟೆ, ಮೂರು ವರ್ಷ ಆದ್ರೂ ಅಷ್ಟೆ. ಒಂದು ಚಮಚ ರಸದಲ್ಲಿ ಅರ್ಧದಷ್ಟು ಸಕ್ಕರೆನೇ."

ಒಕ್‌ಬುನ್‌ಗೆ ರೇಗಿತು. "ನಿನ್ನೆ ಮೊನ್ನೆ ಹುಟ್ಟಿದೋಳು ನನಗೆ ಅಡುಗೆ ಮನೆ ಪಾಠ ಹೇಳ್ತೀಯಾ? ಬಾ, ಒಳಗೆ ಬಾ. ಕಾಯಿಸಿ ತೋರಿಸ್ತೀನಿ. ಸಕ್ಕರೆ ಇದ್ರೆ ತಳದಲ್ಲಿ ಉಳೀಬೇಕು ತಾನೇ?"

ಮೂರು ವರ್ಷದ ಹಳೆಯ ಭರಣಿಯಿಂದ ಎರಡು ಸೌಟು ರಸ ತೆಗೆದು ಬಾಣಲೆಗೆ ಸುರಿದು ಒಲೆ ಹಚ್ಚಿದಳು. ಊಟ ಮುಗಿಸಿ ಬಸ್ಸಿನ ಹೊತ್ತಿಗೆ ಕಾಯುತ್ತಿದ್ದ ಮ್ಯೊಂಗ್‌ಹೊ ಬಾಗಿಲಲ್ಲಿ ನಿಂತ. ನೀರು ಆರುತ್ತಾ ಬಂತು. ಗುಳ್ಳೆಗಳು ಸಣ್ಣಗಿದ್ದದ್ದು ದಪ್ಪವಾದವು, ನಿಧಾನವಾದವು. ಒಕ್‌ಬುನ್ ಸೌಟು ಎತ್ತಿದಳು. ಎಳೆ ಎಳೆಯಾಗಿ ಇಳಿಯಿತು. ನಲವತ್ತು ವರ್ಷ ಒಲೆ ಮುಂದೆ ನಿಂತವಳು ಅವಳು. ಪಾಕ ಯಾವುದು, ನೀರು ಯಾವುದು ಎಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. ಹಬ್ಬಕ್ಕೆ ಮಿಠಾಯಿ ಮಾಡುವ ಗಟ್ಟಿಪಾಕ ಬಾಣಲೆಯ ತಳದಲ್ಲಿ ಕಂದಾಗಿ ಕೂತಿತ್ತು.

ಅವಳು ಒಲೆ ಆರಿಸುವುದನ್ನೂ ಮರೆತಳು. ಹಾನ್‌ಸೊಲ್ಲೇ ಆರಿಸಿದಳು.

"ನಾನೇ ಕೊಟ್ಟೆ," ಎಂದಳು ಒಕ್‌ಬುನ್. "ಅವರ ಬಾಯಿ ಮೂಸಿ ನೋಡ್ತಿದ್ದೆ. ನಾನೇ ಕೊಡ್ತಿದ್ದೆ."

"ಇದೊಂದೇ ಕಾರಣ ಅಂತ ಹೇಳಕ್ಕಾಗಲ್ಲ ಅಮ್ಮಾ. ಕಾಯಿಲೆ ಹಳೇದು. ನಾಳೆ ಒಂದು ಕೆಲಸ ಮಾಡಿ. ಒಂದು ಖಾಲಿ ಬಟ್ಟಲು ಒಲೆ ಪಕ್ಕ ಇಟ್ಕೊಳ್ಳಿ. ಅಪ್ಪಾಜಿ ಪಾಲಿಗೆ ರಸ, ಎಣ್ಣೆ ಏನೇ ಒಂದು ಚಮಚ ಹಾಕಿದ್ರೂ ಅಷ್ಟನ್ನೇ ಆ ಬಟ್ಟಲಿಗೂ ಹಾಕಿ. ಪೊಟ್ಟಣದ ಕಾಫಿಗೂ ಸಕ್ಕರೆ ಬೆರೆಸಿರ್ತಾರೆ, ಅದು ಕೊಟ್ರೆ ಇನ್ನೊಂದು ಪೊಟ್ಟಣ ಒಡೆದು ಬಟ್ಟಲಿಗೇ ಸುರೀರಿ. ಸಂಜೆ ಬರ್ತೀನಿ."

ಮಾರನೆ ದಿನ ಒಕ್‌ಬುನ್ ಎಂದಿನಂತೆಯೇ ಮಾಡಿದಳು. ಸೌತೆಕಾಯಿ ಕಲಸುವಾಗ ಒಂದು ಚಮಚ ರಸ, ಬಟ್ಟಲಿಗೆ ಒಂದು. ಒಣಮೀನು ಹುರಿಯುವಾಗ ಎಣ್ಣೆ ಒಂದು, ರಸ ಒಂದು, ಬಟ್ಟಲಿಗೂ ಒಂದೊಂದು. ಬಂಗುಡೆಗೆ ಎರಡು. ಸೊಪ್ಪಿಗೆ ಎಳ್ಳೆಣ್ಣೆ. ಮೊಟ್ಟೆಗೆ ಎಣ್ಣೆ. ಗಿಲ್‌ಸುವಿಗೆ ಕೊಡುವ ಲೋಟಗಳನ್ನು ಮಾತ್ರ ಅವತ್ತು ಕೊಡಲಿಲ್ಲ. ಅವನ್ನು ಬಟ್ಟಲಿಗಷ್ಟೇ ಹಾಕಿದಳು, ಮೂರು ಮತ್ತು ಮೂರು. ಬಂದವರ ಜೊತೆ ಅವನು ಕುಡಿಯುವ ಮೂರು ಪೊಟ್ಟಣ ಕಾಫಿಯೂ ಹೋಯಿತು. ಸಂಜೆ ಹೊತ್ತಿಗೆ ಬಟ್ಟಲಲ್ಲಿ ಕಂದು ರಾಡಿಯ ಮೇಲೆ ಎಣ್ಣೆ ತೇಲುತ್ತಿತ್ತು.

ಹಾನ್‌ಸೊಲ್ ಎಣಿಸಿದಳು. ಹತ್ತು ಚಮಚ ರಸ, ಮೂರು ಚಮಚ ಎಣ್ಣೆ, ಮೂರು ಪೊಟ್ಟಣ. "ನೀವು ದಿನಕ್ಕೆ ಕಡಿಮೆ ಮಾಡಿದ್ದು ಒಂದೂವರೆ ಬಟ್ಟಲು ಅನ್ನ. ಇದರಲ್ಲಿರೋದು ಮೂರು ಬಟ್ಟಲು ಅನ್ನದಷ್ಟು ಶಕ್ತಿ ಅಮ್ಮಾ. ಅದರಲ್ಲೂ ಸಕ್ಕರೆ ಸೀದಾ ರಕ್ತಕ್ಕೆ ಹೋಗುತ್ತೆ."

ಟಿಕೆಟ್ಟಿನ ಚೀಲ ಹೆಗಲಿಗೆ ಹಾಕಿಕೊಂಡು ನಿಂತಿದ್ದ ಮ್ಯೊಂಗ್‌ಹೊ ತನ್ನ ಹೊಟ್ಟೆ ಮುಟ್ಟಿಕೊಂಡ. "ಹಂಗಾದ್ರೆ ನಾನು ಅನ್ನ ಬಿಟ್ಟು ತಿಂತಿದ್ದೆನಲ್ಲ..." ಎಂದು ಶುರುಮಾಡಿದವನು ಗಿಲ್‌ಸುವಿನ ಕಾಲು ನೋಡಿ ಚೀಲದ ಪಟ್ಟಿ ಸರಿಪಡಿಸಿಕೊಂಡ.

ಜಗಲಿಯಿಂದ ಗಿಲ್‌ಸು ಕೇಳಿದ, "ಎರಡು ವರ್ಷ ಹಸ್ಕೊಂಡಿದ್ದು ಸುಮ್ನೇನಾ?"

ಒಕ್‌ಬುನ್ ಬಟ್ಟಲನ್ನು ಎತ್ತಿಕೊಂಡು ಹಿತ್ತಲಿಗೆ ನಡೆದಳು.

ಒಕ್‌ಬುನ್ ಆ ರಾತ್ರಿಯೇ ಮನೆಯಲ್ಲಿದ್ದ ಒಂಬತ್ತು ಭರಣಿಗಳನ್ನೂ ಹಿತ್ತಲ ಚರಂಡಿಗೆ ಮಗುಚಿದಳು. ಬೆಳಗಾಗುವಷ್ಟರಲ್ಲಿ ಗೋಡೆಯ ಬುಡದಿಂದ ಚರಂಡಿಯವರೆಗೆ ಇರುವೆ ಸಾಲು. ಇರುವೆಗೂ ಗೊತ್ತಿದ್ದದ್ದು ತನಗೆ ಗೊತ್ತಾಗಲಿಲ್ಲವಲ್ಲ ಎಂದು ಅವಳು ಅಲ್ಲೇ ಕುಕ್ಕರಿಸಿ ಅತ್ತಳು. ಗೋಡೆಯ ಫಲಕ ಕಿತ್ತಳು. ಆ ಜಾಗ ಈಗಲೂ ಬೆಳ್ಳಗೆ ಕಾಣುತ್ತದೆ.

ಮಾತ್ರೆ ಅದೇ, ಮನುಷ್ಯ ಅವನೇ. ರಸ ನಿಂತಿತು, ಪೊಟ್ಟಣದ ಕಾಫಿ ನಿಂತಿತು, ಎಣ್ಣೆ ಅಳತೆಗೆ ಬಂತು. ಎಂಟನೆಯ ದಿನ ಯಂತ್ರ ನೂರ ನಲವತ್ತೊಂದು ತೋರಿಸಿತು. ಎರಡು ವರ್ಷದಲ್ಲಿ ಅಷ್ಟು ಕೆಳಗೆ ಬಂದಿರಲೇ ಇಲ್ಲ. ಸಂತೋಷಪಡಬೇಕಾದ ಒಕ್‌ಬುನ್ ಆ ಅಂಕಿ ನೋಡಿ ಎದೆ ಬಡಿದುಕೊಂಡಳು. "ಇಷ್ಟೇನಾ? ಇಷ್ಟೇ ಮಾಡ್ಬೇಕಾಗಿತ್ತಾ?"

ಆದರೆ ಹಿಮ್ಮಡಿ ಕಾಯಲಿಲ್ಲ. ಕಪ್ಪು ಮೇಲೇರುತ್ತಲೇ ಇತ್ತು. ಜೂನ್ ಮೂವತ್ತಕ್ಕೆ ಡಾಕ್ಟರು ನೋಡಿ ತಲೆಯಾಡಿಸಿದರು. ಜುಲೈ ನಾಲ್ಕಕ್ಕೆ ಗಿಲ್‌ಸುವಿನ ಎಡಗಾಲನ್ನು ಮಂಡಿಯ ಕೆಳಗೆ ತೆಗೆದರು. ಮೂವತ್ತು ವರ್ಷ ಕ್ಲಚ್ ಒತ್ತಿದ ಕಾಲು ಅದು.

ಅವನು ಮನೆಗೆ ಬಂದ ದಿನ ಹಾನ್‌ಸೊಲ್ ಊಟ ಅಳೆದು ಬಡಿಸುವುದನ್ನು ತೋರಿಸಿಕೊಟ್ಟಳು. ಬೇಯಿಸಿದ ಮೀನು, ಆವಿಯಲ್ಲಿ ಬೆಂದ ಸೊಪ್ಪು, ತೋಫು, ಜೊತೆಗೆ ಮುಕ್ಕಾಲು ಬಟ್ಟಲು ಬಾರ್ಲಿ ಅನ್ನ. ಗಿಲ್‌ಸು ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ.

"ನರ್ಸಮ್ಮಾ, ಇಷ್ಟು ಅನ್ನ ನನಗೆ ಮೊದಲೂ ಕೊಡಬಹುದಿತ್ತಾ?"

ಹಾನ್‌ಸೊಲ್ ತಲೆ ತಗ್ಗಿಸಿದಳು. "ಕೊಡಬಹುದಿತ್ತು ಅಪ್ಪಾಜಿ."

ಒಕ್‌ಬುನ್ ಎದ್ದು ಅಡುಗೆಮನೆಗೆ ಹೋದಳು. ಅವನು ತಿಂದು ಮುಗಿಸುವವರೆಗೂ ಹೊರಗೆ ಬರಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಕೇಳಿ. ನಿಮ್ಮ ಮನೆಯಲ್ಲಿ ಮೆಸಿಲ್ ರಸ ಇರಲಿಕ್ಕಿಲ್ಲ. ಬೆಲ್ಲ ಇದೆ, ಜೇನು ಇದೆ, "ಇದು ಸಕ್ಕರೆ ಅಲ್ಲ ಬಿಡು, ಒಳ್ಳೇದು" ಎಂದು ಕೊಡುವ ಏನೋ ಒಂದು ಇದ್ದೇ ಇದೆ. ಹೋಟೆಲಿನ ಸಾರಿನಲ್ಲಿ, ಪಲ್ಯದಲ್ಲಿ, ದಿನದ ನಾಲ್ಕನೆಯ ಕಾಫಿಯಲ್ಲಿ ಅದು ಕಾಣದೆ ಕೂತಿರುತ್ತದೆ. ಹೊರಗೆ ಉಂಡರೆ ಏನು ಹಾಕಿದ್ದೀರಿ ಎಂದು ಬಾಯಿ ಬಿಟ್ಟು ಕೇಳಿ. ಡಾಕ್ಟರು ಸಕ್ಕರೆ ಹಾಕುತ್ತೀರಾ ಎಂದರೆ, ಸಿಹಿಯಾದದ್ದನ್ನೆಲ್ಲ ಹೆಸರು ಹಿಡಿದು ಹೇಳಿ. ನಾಳೆ ಒಲೆ ಪಕ್ಕ ಒಂದು ಖಾಲಿ ಬಟ್ಟಲು ಇಡಿ. ಅಡುಗೆಗೆ ಒಂದು ಚಮಚ, ಬಟ್ಟಲಿಗೆ ಒಂದು ಚಮಚ. ಸಂಜೆ ಮನೆಯವರೆಲ್ಲ ಕೂತು ಅದನ್ನು ನೋಡಿ.

ಕಾಯಿಲೆಯವರ ಜೇಬು ಆಮೇಲೆ ಹುಡುಕಿದರಾಯಿತು. ಒಕ್‌ಬುನ್‌ಗೆ ವಿಷಯ ಗೊತ್ತಾದಾಗ ಹದಿನೆಂಟು ದಿನ ಉಳಿದಿತ್ತು. ಸಾಲಲಿಲ್ಲ. ನಿಮಗೆಷ್ಟು ಉಳಿದಿದೆಯೋ ಯಾರಿಗೆ ಗೊತ್ತು, ನಾಳೆಯೇ ಬಟ್ಟಲು ಇಡಿ.