ಮೂರನೆಯ ಚೀಲ

ಒಂದು ಫ್ರಾಕಿಗೆ ಮೂರು ಚೀಲ ಬೇಕು. ಜೋನೆಲ್‌ಳ ಬಳಿ ಇದ್ದದ್ದು ಎರಡು. ನೀಲಿ ನೆಲದ ಮೇಲೆ ಬಿಳಿಯ ಸಣ್ಣ ಹೂಗಳಿದ್ದ ಆ ಕೋಳಿಮೇವಿನ ಚೀಲಗಳನ್ನು ತಾಯಿ ವರ್ಡೀ ಒಗೆದು, ಇಸ್ತ್ರಿ ಮಾಡಿ ಪೆಟ್ಟಿಗೆಯಲ್ಲಿಟ್ಟಿದ್ದಳು. ಮೂರನೆಯದು ದೊರೆಯುವ ಮೊದಲೇ, ಜನವರಿಯಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡಳು. ಈಗ ಮೇ ತಿಂಗಳು. ಶುಕ್ರವಾರ ಎಂಟನೆಯ ತರಗತಿಯ ಬೀಳ್ಕೊಡುಗೆ. ಅಮ್ಮ ಆರಿಸಿದ ಬಟ್ಟೆಯನ್ನೇ ತೊಟ್ಟು ಪದ್ಯ ಹೇಳಬೇಕೆಂಬುದು ಜೋನೆಲ್‌ಳ ಆಸೆ.

ಅಮೆರಿಕದ ಅರ್ಕನ್ಸಾದ ಆ ಗುಡ್ಡಗಾಡಿನಲ್ಲಿ ಆಗ ಮೇವು ಹೂವಿನಚ್ಚಿನ ಹತ್ತಿಬಟ್ಟೆಯ ಚೀಲಗಳಲ್ಲಿ ಬರುತ್ತಿತ್ತು, ಖಾಲಿಯಾದ ಮೇಲೆ ಅವೇ ಉಡುಪಾಗುತ್ತಿದ್ದವು. ಮೇವು ಹೊರುವವರು ಗಂಡಸರು, ಹೂವು ಆರಿಸುವವರು ಹೆಂಗಸರು. ಸೋಮವಾರ ಅವಳ ತಂದೆ ಹಾಬರ್ಟ್, ಅದೇ ಹೂವನ್ನು ಗುರುತಿಸಲು ಬಟ್ಟೆಯ ಚೂರೊಂದನ್ನು ಟೋಪಿಗೆ ಸಿಕ್ಕಿಸಿಕೊಂಡು ಮಗಳೊಡನೆ ಅಂಗಡಿಗೆ ಹೋದನು. ಆ ಹೂವಿನ ಚೀಲ ಅಟ್ಟಿಯ ತೀರ ಕೆಳಗಿತ್ತು. ಹನ್ನೊಂದು ಮೂಟೆ ಎತ್ತಿಳಿಸಿದ ಅಂಗಡಿಯವನು ಬೆವರೊರೆಸಿಕೊಂಡು ಕೆಣಕಿದನು:

“ಏನ್ ಹಾಬರ್ಟ್, ನಿನ್ ಕೋಳಿಗಳು ಈಗ ಹೂವು ನೋಡಿ ತಿನ್ನೋಕೆ ಶುರು ಮಾಡಿದ್ವಾ?”

“ತಿನ್ನೋದು ಕೋಳಿ, ಉಡೋದು ಮಗಳು. ಕೆಳಗಿಂದೇ ಕೊಡು.”

ಮನೆಗೆ ಬಂದೊಡನೆ ಜೋನೆಲ್ ಚೀಲದ ಮೇಲಿನ ಅಕ್ಷರಗಳ ಶಾಯಿ ಬಿಡಿಸಲು ನೀರು ಕಾಯಿಸತೊಡಗಿದಳು. ಚೀಲದ ಬಾಯಿ ಮುಚ್ಚಿದ ಹೊಲಿಗೆಯ ಬಲತುದಿಯ ದಾರ ಹಿಡಿದೆಳೆದರೆ ಇಡೀ ಹೊಲಿಗೆ ಒಂದೇ ಎಳೆಯಾಗಿ ಬಿಚ್ಚಿಕೊಳ್ಳುತ್ತದೆ, ಬಟ್ಟೆಗೆ ಗಾಯವಾಗುವುದಿಲ್ಲ. ಆ ಕೆಲಸ ಯಾವಾಗಲೂ ವರ್ಡೀಯದು. ಜೋನೆಲ್ ಕೊಟ್ಟಿಗೆಗೆ ಬರುವಷ್ಟರಲ್ಲಿ ಮೇವು ಪೀಪಾಯಿಯಲ್ಲಿತ್ತು. ಚೀಲ ನಟ್ಟನಡುವೆ ಒಂದು ಮೊಳದುದ್ದ ಸೀಳಿಹೋಗಿತ್ತು. ತಂದೆಯ ಕೈಯಲ್ಲಿ ಚಾಕು ಹಾಗೇ ಇತ್ತು.

ಅಂಗಡಿಯಲ್ಲಿ ಆ ಬಗೆಯದು ಇನ್ನೊಂದಿರಲಿಲ್ಲ. ಒಮ್ಮೆಯಾದರೂ ಬೈಯಬೇಕೆಂದು ಜೋನೆಲ್ ಬಾಯಿ ತೆರೆದಳು. ಅಷ್ಟರಲ್ಲಿ ಅವನೇ ನೆಲ ನೋಡುತ್ತ ಹೇಳಿದನು:

“ಪ್ರತಿ ಸಲ ನಾನು ಚಾಕು ತೆಗೀತಿದ್ದೆ, ನಿಮ್ಮಮ್ಮ ಬಾಗಿಲಿಂದ ಕೂಗ್ತಿದ್ಲು, ‘ಏ, ಅದನ್ನ ಕೆಳಗಿಡು’ ಅಂತ. ಇವತ್ತೂ ಕೂಗ್ತಾಳೆ ಅನ್ಕೊಂಡುಬಿಟ್ಟೆ ಮಗಳೇ.”

ಜೋನೆಲ್‌ಗೆ ಬೈಗುಳ ಮರೆತುಹೋಯಿತು. ಚೀಲವನ್ನು ತೆಗೆದುಕೊಂಡು, ಮೇವಿನ ಹುಡಿ ಕೊಡವಿ, ಬೆಳಕಿಗೆ ಹಿಡಿದಳು. ಸೀಳು ಗೆರೆ ಎಳೆದಷ್ಟು ನೇರವಾಗಿತ್ತು. ಎರಡು ಕಡೆಯೂ ಬಟ್ಟೆ ಸಮನಾಗಿ ಉಳಿದಿತ್ತು. ಅದನ್ನು ತನ್ನ ಎದೆಗೆ ಒತ್ತಿ, ಕುತ್ತಿಗೆಯಿಂದ ಸೊಂಟದವರೆಗೆ ಬೆರಳಿನಿಂದ ಅಳೆದಳು.

“ಅಪ್ಪ, ಈ ಸೀಳಲ್ಲೇ ಗುಂಡಿಪಟ್ಟಿ ಮುಂದೆ ಇಡ್ತೀನಿ. ಅಮ್ಮ ಹಿಂದೆ ಇಡ್ತಿದ್ಲು, ನಂಗೆ ಕೈ ಎಟುಕ್ತಿರ್ಲಿಲ್ಲ. ಇನ್ಮೇಲೆ ನಾನೇ ಹಾಕ್ಕೋಬೇಕಲ್ಲ.”

ಹಾಬರ್ಟ್ ಚಾಕು ಮಡಿಸಿ ಜೇಬಿಗಿಟ್ಟನು. ಎಷ್ಟು ಗುಂಡಿ ಬೇಕೆಂದು ಕೇಳಿದನು. ಆರು ಎಂದಳು. ಅವನು ಭಾನುವಾರ ಚರ್ಚಿಗೆ ತೊಡುವ ತನ್ನ ಅಂಗಿಯನ್ನು ತಂದು, ಮೆಟ್ಟಿಲ ಮೇಲೆ ಕೂತು, ಮೊದಲ ಗುಂಡಿಯ ದಾರವನ್ನು ಉಗುರಿನಿಂದ ನಿಧಾನವಾಗಿ ಬಿಡಿಸತೊಡಗಿದನು.